ಗ್ರಾಫಿಕ್ಸ್ ಟ್ಯಾಬ್ಲೆಟ್ ಕೊಳ್ಳಬೇಕು: ಸ್ಕ್ರೀನ್ ಇರುವುದೋ, ಇಲ್ಲದ್ದೋ?

ಪ್ರಶ್ನೆ:
ಹತ್ತು ವರ್ಷದಿಂದ ಪೆನ್ಸಿಲ್, ಇಂಕ್ ಪೆನ್ನಿನಲ್ಲಿ ಚಿತ್ರ ಬರೆಯುತ್ತಿದ್ದೇನೆ. ಈಗ ಕಂಪ್ಯೂಟರಿನಲ್ಲೂ ಶುರು ಮಾಡೋಣ ಅಂತ. ಲ್ಯಾಪ್‌ಟಾಪ್ ಇದೆ, 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗ್ರಾಫಿಕ್ಸ್ ಟ್ಯಾಬ್ಲೆಟ್ (ಪೆನ್ನಿನಲ್ಲಿ ಬರೆದದ್ದನ್ನು ಕಂಪ್ಯೂಟರಿಗೆ ಕಳಿಸುವ ಹಲಗೆ) ಹುಡುಕಲು ಹೋದರೆ ಒಂದರಲ್ಲಿ 4096 ಪ್ರೆಶರ್ ಲೆವೆಲ್ (ಪೆನ್ನಿನ ಒತ್ತಡ ಗುರುತಿಸುವ ಹಂತಗಳು), ಇನ್ನೊಂದರಲ್ಲಿ 8192, ಮತ್ತೊಂದರಲ್ಲಿ 16384. ತಲೆ ಕೆಟ್ಟುಹೋಗಿದೆ. ಸ್ಕ್ರೀನ್ ಇರುವುದೇ ಬೇಕಾ? ಎಷ್ಟು ದೊಡ್ಡದು? ಸಾಫ್ಟ್‌ವೇರ್ ಯಾವುದು? ಅಂದ ಹಾಗೆ, ನಾನು ಎಡಚ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1:
ಮೊದಲು ಆ ನಂಬರುಗಳನ್ನು ಮರೆತುಬಿಡಿ. 4096ಕ್ಕೂ 8192ಕ್ಕೂ ಇರುವ ವ್ಯತ್ಯಾಸ ನನ್ನ ಕೈಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಕೈಗೆ ಗೊತ್ತಾಗುವುದು ಬೇರೆಯೇ: ಪೆನ್ನನ್ನು ಎಷ್ಟು ಹಗುರವಾಗಿ ಮುಟ್ಟಿಸಿದರೆ ಗೆರೆ ಶುರುವಾಗುತ್ತೆ ಅನ್ನೋದು. ಕೆಲವು ಪೆನ್ನುಗಳಲ್ಲಿ ಒತ್ತಿದರೆ ಮಾತ್ರ ಗೆರೆ. ಪೆನ್ಸಿಲ್ ಹಿಡಿದು ಪಳಗಿದ ಕೈಗೆ ಅದು ಹಿಂಸೆ. ಸಾಧ್ಯವಾದರೆ ಯಾರದ್ದಾದರೂ ಟ್ಯಾಬ್ಲೆಟ್ ಇಸಕೊಂಡು ಐದು ನಿಮಿಷ ಗೀಚಿ ನೋಡಿ.

ನಿಜವಾಗಿ ಯೋಚಿಸಬೇಕಾದ್ದು ಅಳತೆ. ವೇಕಾಮ್ ಕಂಪನಿಯ ಇಂಟ್ಯುಯೋಸ್ ಟ್ಯಾಬ್ಲೆಟ್ ಚಿಕ್ಕದರಲ್ಲಿ ಬರೆಯುವ ಜಾಗ 152 × 95 ಮಿ.ಮೀ., ಮೀಡಿಯಂನಲ್ಲಿ 216 × 135. ಹ್ಯೂಯಾನ್, ಎಕ್ಸ್‌ಪಿ-ಪೆನ್‌ಗಳಲ್ಲಿ (ಇವೂ ಟ್ಯಾಬ್ಲೆಟ್ ಕಂಪನಿಗಳೇ) ಇನ್ನೂ ಬೇರೆ ಬೇರೆ ಅಳತೆಗಳಿವೆ. 15.6 ಇಂಚಿನ ಲ್ಯಾಪ್‌ಟಾಪ್ ಸ್ಕ್ರೀನಿನ ಅಗಲ ಸುಮಾರು 345 ಮಿ.ಮೀ. ಅಂದರೆ ಚಿಕ್ಕ ಟ್ಯಾಬ್ಲೆಟ್ ಮೇಲೆ ಕೈ ಒಂದು ಸೆಂ.ಮೀ. ಸರಿದರೆ ಸ್ಕ್ರೀನಿನಲ್ಲಿ ಎರಡೂಕಾಲು ಸೆಂ.ಮೀ. ಗೆರೆ ಓಡುತ್ತೆ. ಕೈಯ ನಡುಕವೂ ಅಷ್ಟೇ ಪಟ್ಟು ಬೆಳೆಯುತ್ತೆ. ಮೀಡಿಯಂನಲ್ಲಿ ಇದು ಒಂದೂವರೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕೊಳ್ಳುವ ಮೊದಲೇ ಪರೀಕ್ಷೆ ಮಾಡಬಹುದು. ಒಂದು ಎ4 ಹಾಳೆ ತಗೊಳ್ಳಿ. ಒಂದು ಸಲ ಮಡಚಿದರೆ ಹೆಚ್ಚುಕಡಿಮೆ ಮೀಡಿಯಂ, ಎರಡು ಸಲ ಮಡಚಿದರೆ ಚಿಕ್ಕದು. ಎರಡರ ಮೇಲೂ ನೀವು ಯಾವಾಗಲೂ ಬರೆಯುವಂಥ ಚಿತ್ರ ಬರೆಯಿರಿ. ಮಣಿಕಟ್ಟಿನಿಂದ ಬರೆಯುವವರಿಗೆ ಚಿಕ್ಕದು ಸಾಕು. ಮೊಣಕೈ, ಭುಜದಿಂದ ಗೆರೆ ಎಳೆಯುವವರಾದರೆ ಅದರಲ್ಲಿ ಉಸಿರು ಕಟ್ಟುತ್ತೆ.

ಉತ್ತರ 2:
ಸ್ಕ್ರೀನ್ ಇಲ್ಲದ್ದು ತಗೊಂಡರೆ ಮೊದಲ ಎರಡು ವಾರ ಅಳು ಬರುತ್ತೆ, ಈಗಲೇ ಹೇಳಿಬಿಡ್ತೀನಿ. ಕೈ ಕೆಳಗೆ, ಕಣ್ಣು ಮೇಲೆ. ಕಣ್ಣಿಗೆ ರೆಪ್ಪೆ ಬರೆಯಲು ಹೋದರೆ ಅದು ಹುಬ್ಬಿನ ಮೇಲೆ ಹೋಗಿ ಕೂರುತ್ತೆ. ನಾನು ಮಾಡಿದ ಉಪಾಯ: ಮೌಸನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿದೆ. ಮೇಲ್ ನೋಡೋದು, ಫೈಲ್ ತೆರೆಯೋದು ಎಲ್ಲಾ ಪೆನ್ನಿನಲ್ಲೇ. ಹತ್ತು ದಿನಕ್ಕೆ ಕೈ ತಾನಾಗಿ ದಾರಿ ಹಿಡಿಯಿತು.

ಇನ್ನೊಂದು, ಯಾರೂ ಹೇಳದೇ ಇರೋದು. ಟ್ಯಾಬ್ಲೆಟ್ ಮೇಲೆ ಒಂದು ಡಬ್ಬಿಯ ಮುಚ್ಚಳ ಇಟ್ಟು ಪೆನ್ನಿನಲ್ಲಿ ಅದರ ಸುತ್ತ ಗೆರೆ ಎಳೆಯಿರಿ. ಸ್ಕ್ರೀನಿನಲ್ಲಿ ಬಂದದ್ದು ದುಂಡಗಿದೆಯಾ, ಮೊಟ್ಟೆಯ ಹಾಗಿದೆಯಾ? ನನ್ನದು ದೋಸೆ ಎಳೆದು ಹಿಗ್ಗಿಸಿದ ಹಾಗಿತ್ತು. ಎರಡನೇ ಮಾನಿಟರ್ ಹಾಕಿದ್ದೆ, ಟ್ಯಾಬ್ಲೆಟ್ ಎರಡರ ಮೇಲೂ ಹರಡಿಕೊಂಡಿತ್ತು. ಮೂರು ತಿಂಗಳು ನಾನು ಬರೆದ ಮುಖಗಳೆಲ್ಲ ಯಾಕೆ ಅಗಲ ಅಂತ ಗೊತ್ತಾಗದೆ ನನ್ನ ಕೈಯನ್ನೇ ಬೈದುಕೊಂಡಿದ್ದೆ! ಡ್ರೈವರ್ (ಟ್ಯಾಬ್ಲೆಟ್ ನಡೆಸುವ ತಂತ್ರಾಂಶ) ಸೆಟ್ಟಿಂಗಿನಲ್ಲಿ ಒಂದೇ ಮಾನಿಟರ್ ಆರಿಸಿ. ಉದ್ದ-ಅಗಲದ ಅನುಪಾತ ಉಳಿಸಿಕೊಳ್ಳುವ ಆಯ್ಕೆಗೂ ಟಿಕ್ ಹಾಕಿ. ಎಡಗೈಯವರಿಗೂ ಅಲ್ಲೇ ಪರಿಹಾರ ಇದೆ. ಟ್ಯಾಬ್ಲೆಟ್ಟನ್ನು 180 ಡಿಗ್ರಿ ತಿರುಗಿಸುವ ಆಯ್ಕೆ ಹೆಚ್ಚಿನವುಗಳಲ್ಲಿ ಇರುತ್ತೆ. ಬಟನ್‌ಗಳು ಎಡಬದಿಯಲ್ಲಿದ್ದರೆ ಬಲಕ್ಕೆ ಬರುತ್ತವೆ.

ಉತ್ತರ 3:
ಸ್ಕ್ರೀನ್ ಇರುವುದು ನನ್ನ ಹತ್ತಿರ ಇದೆ. ಇಂಕಿಂಗ್‌ಗೆ (ಪೆನ್ಸಿಲ್ ಗೆರೆಯ ಮೇಲೆ ಇಂಕಿನ ಗೆರೆ ಎಳೆಯಲು) ಸುಖ, ಸುಳ್ಳು ಹೇಳಲ್ಲ. ಆದರೆ ಕೇಬಲ್‌ಗಳ ಗೋಜು, ಮೇಜಿನ ತುಂಬ ಅದೇ, ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿದೆ. ಸ್ಟ್ಯಾಂಡ್ ಇಲ್ಲದೆ ಬೇಡವೇ ಬೇಡ. ಗಾಜಿಗೂ ಕೆಳಗಿನ ಸ್ಕ್ರೀನಿಗೂ ನಡುವೆ ಸಂದಿ ಇದ್ದರೆ ಪೆನ್ನಿನ ತುದಿ ಒಂದು ಕಡೆ, ಗೆರೆ ಇನ್ನೊಂದು ಕಡೆ ಕಾಣುತ್ತೆ. ಲ್ಯಾಮಿನೇಟ್ ಆಗಿರುವುದನ್ನೇ, ಅಂದರೆ ಗಾಜು ಸ್ಕ್ರೀನಿಗೆ ಅಂಟಿಕೊಂಡಿರುವುದನ್ನೇ ನೋಡಿ. ಕುತ್ತಿಗೆ ನೋವು ಜಾಸ್ತಿಯಾದ ದಿನ ನಾನು ಹಳೇ ಸ್ಕ್ರೀನ್ ಇಲ್ಲದ್ದಕ್ಕೇ ವಾಪಸ್.

ಉತ್ತರ 4:
ಸಾಫ್ಟ್‌ವೇರ್ ಬಗ್ಗೆ ನಾನು ಹೇಳ್ತೀನಿ. ಕೃತಾ ಹಾಕಿಕೊಳ್ಳಿ. ಕೆಡಿಇ ಎಂಬ ತಂತ್ರಾಂಶ ಸಮುದಾಯದ ಮುಕ್ತ ತಂತ್ರಾಂಶ, ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಫೋಟೋ ತಿದ್ದುವುದಕ್ಕಲ್ಲ, ಚಿತ್ರ ಬರೆಯುವುದಕ್ಕೇ ಮಾಡಿದ್ದು. ಕಾಗದ ತಿರುಗಿಸಿ ಗೆರೆ ಎಳೆಯುವ ಅಭ್ಯಾಸ ಇದ್ದರೆ 4 ಮತ್ತು 6 ಒತ್ತಿ, ಹಾಳೆ ತಿರುಗುತ್ತೆ. 5 ಒತ್ತಿದರೆ ನೆಟ್ಟಗಾಗುತ್ತೆ. ಎಂ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಮಗುಚುತ್ತೆ. ಒಂದು ಕಣ್ಣು ಮೇಲೆ ಒಂದು ಕಣ್ಣು ಕೆಳಗೆ ಇರೋದು ಆಗ ಪಕ್ಕನೆ ಕಣ್ಣಿಗೆ ಬೀಳುತ್ತೆ. ಈ ಒಂದು ಕೀಗಾಗಿಯೇ ನಾನು ಕಾಗದ ಬಿಟ್ಟೆ ಅಂದರೂ ತಪ್ಪಿಲ್ಲ. ಗೆರೆ ನಡುಗಿದರೆ ಸ್ಟೆಬಿಲೈಜರ್ ಇದೆ, ಆದರೆ ಜಾಸ್ತಿ ಏರಿಸಬೇಡಿ. ಗೆರೆಗೆ ಜೀವ ಇರಲ್ಲ.

ನಿಮ್ಮ 8 ಜಿಬಿ ಸಾಕು, ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂಥ ಪದರ) ಮೇಲೆ ಮಾತ್ರ ಹಿಡಿತ ಇರಲಿ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಎ4 ಅಂದರೆ 2480 × 3508 ಪಿಕ್ಸೆಲ್. ಪೂರ್ತಿ ಬಣ್ಣ ತುಂಬಿದ ಒಂದು ಲೇಯರ್ ಸುಮಾರು 35 ಎಂಬಿ ನುಂಗುತ್ತೆ. ಮೂವತ್ತು ಲೇಯರ್ ಮಾಡಿದರೆ ಒಂದು ಜಿಬಿ ಅಲ್ಲೇ ಹೋಯ್ತು.

ಕಾಮಿಕ್ಸ್ ಮಾಡುವವರಾದರೆ ಕ್ಲಿಪ್ ಸ್ಟುಡಿಯೋ ಪೇಂಟ್ ನೋಡಿ. ಚೌಕಟ್ಟು, ಮಾತಿನ ಗುಳ್ಳೆ ಎಲ್ಲಾ ಸಿದ್ಧ ಇರುತ್ತೆ. ಪ್ರೊಕ್ರಿಯೇಟ್ ಐಪ್ಯಾಡಿಗೆ ಮಾತ್ರ, ಹಾಗಾಗಿ ನಿಮಗೆ ಆಗಲ್ಲ. ಫೋಟೋಶಾಪ್ ಚಂದಾ ಕಟ್ಟುತ್ತಲೇ ಇರಬೇಕು. ಕಲಿಯುವವರಿಗೆ ಅದು ಸುಮ್ನೆ ಖರ್ಚು.

ಉತ್ತರ 5:
ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ ಒಂದು ಮಾತು. ನಾನು ಹಳೇ ಟ್ಯಾಬ್ಲೆಟ್ಟಿನ ಡ್ರೈವರ್ ತೆಗೆಯದೆ ಬೇರೆ ಕಂಪನಿಯದರ ಡ್ರೈವರ್ ಹಾಕಿದೆ. ಪ್ರೆಶರ್ ಮಾಯ. ಎಷ್ಟೇ ಒತ್ತಿದರೂ ಗೆರೆ ಒಂದೇ ದಪ್ಪ, ಹುರಿಹಗ್ಗದ ಹಾಗೆ. ಪೆನ್ನೇ ಕೆಟ್ಟಿದೆ ಅಂತ ಮಾರಿದವರ ಜೊತೆ ಜಗಳವೂ ಆಯ್ತು, ಪಾಪ. ಹಳೇದನ್ನು ತೆಗೆದು, ಮರುಚಾಲನೆ ಮಾಡಿ, ಹೊಸದನ್ನು ಹಾಕಿದ ಮೇಲೆ ಸರಿಹೋಯಿತು. ವಿಂಡೋಸ್‌ನಲ್ಲಿ ಆಗಲೂ ಬರದಿದ್ದರೆ ಡ್ರೈವರ್‌ನಲ್ಲಿರುವ ವಿಂಡೋಸ್ ಇಂಕ್ (ವಿಂಡೋಸಿನದೇ ಪೆನ್ ಸೌಲಭ್ಯ) ಆಯ್ಕೆಯನ್ನು ಒಮ್ಮೆ ಹಾಕಿ, ಒಮ್ಮೆ ತೆಗೆದು ನೋಡಿ. ನಿಬ್ ಎಷ್ಟು ಸವೆದಿದೆ, ಬಿಡಿ ನಿಬ್ ಸಿಗುತ್ತಾ ಅಂತಲೂ ಕೇಳಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಹಾಳೆ ಮಡಚಿ ನೋಡಿದೆ. ಎರಡು ಮಡಿಕೆಯದರಲ್ಲಿ ಕುದುರೆಯ ಬೆನ್ನಿನ ಗೆರೆ ಎಳೆಯುವಷ್ಟರಲ್ಲೇ ಕೈ ಹಾಳೆಯಿಂದ ಆಚೆ ಹೋಯ್ತು. ಹಾಗಾಗಿ ಮೀಡಿಯಂ, ಸ್ಕ್ರೀನ್ ಇಲ್ಲದ್ದೇ ತಗೊಂಡೆ. ನಿನ್ನೆ ಬಂತು. ಮುಚ್ಚಳ ಇಟ್ಟು ಸುತ್ತಿದೆ, ಮೊಟ್ಟೆಯೇ! ಟಿಕ್ ಹಾಕಿದ ಮೇಲೆ ದುಂಡಗಾಯಿತು. ಕೃತಾ ಹಾಕಿದ್ದೇನೆ. ಸದ್ಯಕ್ಕೆ ಬರೆದದ್ದೆಲ್ಲ ಕಾಗೆ ಕಾಲು, ಗುಬ್ಬಿ ಕಾಲು. ಮೌಸ್ ಡ್ರಾಯರಿನಲ್ಲಿದೆ, ಬೀಗದ ಕೈ ಮನೆಯವರ ಹತ್ತಿರ.