ಹಾಸ್ಟೆಲ್ ಕಥೆಯ ಹಾಸ್ಯ ಕಿರುಚಿತ್ರ: ಚಿತ್ರೀಕರಣಕ್ಕೆ ಮುನ್ನ ಏನೇನು ತೀರ್ಮಾನವಾಗಬೇಕು?

ಪ್ರಶ್ನೆ: ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಸಹಪಾಠಿಗಳು ಸೇರಿ ಸುಮಾರು 12 ನಿಮಿಷಗಳ ಹಾಸ್ಯ ಕಿರುಚಿತ್ರವೊಂದನ್ನು ಮಾಡಲು ಹೊರಟಿದ್ದೇವೆ. ಕಥೆ ಒಂದೇ ರಾತ್ರಿಯಲ್ಲಿ ನಡೆಯುತ್ತದೆ. ಕೋಣೆಯಲ್ಲಿ ಅಡುಗೆ ಮಾಡಬಾರದೆಂಬ ನಿಯಮವಿರುವ ಹಾಸ್ಟೆಲ್‌ನಲ್ಲಿ ಧಾರವಾಡ, ಮಂಗಳೂರು ಮತ್ತು ಮಂಡ್ಯದ ಮೂವರು ಗೆಳೆಯರು ಇಂಡಕ್ಷನ್ ಒಲೆಯ ಮೇಲೆ ಕುಕ್ಕರ್ ಇಟ್ಟು ಬಿಸಿಬೇಳೆಬಾತ್ ಮಾಡಲು ಕೂರುತ್ತಾರೆ; ಕುಕ್ಕರ್ ಮೊದಲ ಸಲ ಕೂಗುವ ಹೊತ್ತಿಗೆ ವಾರ್ಡನ್ ಅದೇ ಮಹಡಿಗೆ ಬರುತ್ತಾರೆ. ಮುಂದಿನ ಕೂಗು ಕೇಳಿಸದಿರಲೆಂದು ಹುಡುಗರು ಹಳೆಯ ಚಿತ್ರಗೀತೆಯೊಂದನ್ನು ಜೋರಾಗಿ ಹಾಕುತ್ತಾರೆ.

ಚಿತ್ರಕಥೆ ಸಿದ್ಧವಾಗಿದೆ. ಒಂದು ಕ್ಯಾಮೆರಾ ಮತ್ತು ಎರಡು ಕಾಲರ್ ಮೈಕ್‌ಗಳಿವೆ. ಕೋಣೆ ನಮಗೆ ಎರಡು ರಾತ್ರಿ ಮಾತ್ರ ಸಿಗುತ್ತದೆ. ಓದುವಾಗ ನಗು ಬರುವ ಸಂಭಾಷಣೆ ಪರದೆಯ ಮೇಲೆ ಸಪ್ಪೆಯಾಗಬಾರದೆಂಬುದೇ ನಮ್ಮ ಮುಖ್ಯ ಚಿಂತೆ. ಯಾವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕು, ಯಾವುದನ್ನು ನಟರಿಗೆ ಬಿಡಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ 1: ರಂಗ ನಿರ್ದೇಶಕ, ಶಿವಮೊಗ್ಗ

ಕ್ಯಾಮೆರಾದ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು, ಪ್ರತಿ ದೃಶ್ಯದಲ್ಲಿ ಯಾರಿಗೆ ಯಾವ ಸಂಗತಿ ಯಾವಾಗ ಗೊತ್ತಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಕಥೆಯ ಬಲವಿರುವುದು ಅಲ್ಲೇ. ಅನ್ನ ಬೇಳೆ ಬೇಯಲು ಮೂರು ಕೂಗು ಬೇಕೆಂಬ ಮಾತು ವಾರ್ಡನ್ ಬರುವುದಕ್ಕಿಂತ ಮೊದಲೇ ಪ್ರೇಕ್ಷಕರ ಕಿವಿಗೆ ಬಿದ್ದಿದ್ದರೆ, ಮೊದಲ ಕೂಗಿನ ನಂತರ ವಾರ್ಡನ್ ಬಾಗಿಲಲ್ಲಿ ನಿಂತು ಹಾಜರಾತಿಯ ಬಗ್ಗೆ ಸಾಮಾನ್ಯ ಪ್ರಶ್ನೆ ಕೇಳಿದರೂ ಜನ ಉಸಿರು ಬಿಗಿಹಿಡಿದು ಎರಡನೆಯದಕ್ಕೆ ಕಾಯುತ್ತಾರೆ, ಆ ಕಾಯುವಿಕೆಯೇ ನಗುವಾಗುತ್ತದೆ. ಆ ಮಾತು ತಡವಾಗಿ ಬಂದರೆ ಪ್ರತಿ ಕೂಗೂ ಕೇವಲ ಬೆಚ್ಚಿಬೀಳಿಸುವ ಸದ್ದಾಗಿ ಮುಗಿಯುತ್ತದೆ.

ವಾರ್ಡನ್ ಪಾತ್ರವನ್ನು ಪೆದ್ದನನ್ನಾಗಿ ಮಾಡಬೇಡಿ. ಅವರ ಕಟ್ಟುನಿಟ್ಟಿಗೆ ನ್ಯಾಯವಾದ ಕಾರಣವಿರಲಿ. ಹಿಂದೊಮ್ಮೆ ಇಂಥದೇ ಒಲೆಯಿಂದ ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಮಹಡಿಯ ಕರೆಂಟ್ ಹೋಗಿತ್ತು ಎಂದಾದರೂ ಇರಲಿ. ಎದುರಾಳಿ ಸೂಕ್ಷ್ಮಮತಿಯಾದಷ್ಟೂ ಹುಡುಗರು ಹೇಳುವ ಸುಳ್ಳು ಹೆಚ್ಚು ಜಾಣತನದ್ದಾಗಬೇಕಾಗುತ್ತದೆ, ದೃಶ್ಯ ತಾನಾಗಿಯೇ ಏರುತ್ತದೆ.

ಆಮೇಲೆ ಕಥೆ ಗೊತ್ತಿಲ್ಲದ ನಾಲ್ಕೈದು ಜನರನ್ನು ಕೂರಿಸಿಕೊಂಡು ನಟರಿಂದ ಪೂರ್ತಿ ಓದಿಸಿ. ನಡುವೆ ಯಾರೂ ವಿವರಣೆ ಕೊಡಬಾರದು. ಕೇಳುಗರು ಎಲ್ಲಿ ನಕ್ಕರು, ಎಲ್ಲಿ ಗೊಂದಲಗೊಂಡರು ಎಂಬುದನ್ನು ಒಬ್ಬರು ಗುರುತು ಹಾಕಿಕೊಳ್ಳಲಿ. ಮುಂದಿನ ಹೆಜ್ಜೆಯನ್ನಂತೂ ಖಂಡಿತ ಬಿಡಬೇಡಿ: ಅದೇ ಅಳತೆಯ ಯಾವುದಾದರೂ ಕೋಣೆಯಲ್ಲಿ ಇಡೀ ಚಿತ್ರವನ್ನು ಫೋನಿನಲ್ಲಿ ಒರಟೊರಟಾಗಿ ತೆಗೆದು, ಜೋಡಿಸಿ ನೋಡಿ. ಒಂದು ಪುಟಕ್ಕೆ ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಹಾಸ್ಯದಲ್ಲಿ ಬಹಳ ಸಲ ತಪ್ಪುತ್ತದೆ. ಮಾತಿನ ಚಕಮಕಿ ಬೇಗ ಮುಗಿದುಹೋಗುತ್ತದೆ, ಮಾತಿಲ್ಲದೆ ಕುಕ್ಕರನ್ನು ಹೊದಿಕೆಯಲ್ಲಿ ಬಚ್ಚಿಡುವ ಎರಡು ಸಾಲಿನ ವಿವರ ಒಂದೂವರೆ ನಿಮಿಷ ತಿನ್ನುತ್ತದೆ. ಈ ಒರಟು ಪ್ರತಿ ಕೈಯಲ್ಲಿದ್ದರೆ ಕತ್ತರಿಸಬೇಕಾದ ಮಾತುಗಳನ್ನು ಚಿತ್ರೀಕರಣಕ್ಕೆ ಮುಂಚೆಯೇ ಕತ್ತರಿಸಬಹುದು. ನಟರಿಗೆ ಸ್ವಾತಂತ್ರ್ಯ ಕೊಡಬೇಕಾದದ್ದೂ ಈ ಹಂತದಲ್ಲೇ. ಅವರು ತಾಲೀಮಿನಲ್ಲಿ ಹುಟ್ಟಿಸಿದ ಒಳ್ಳೆಯ ಮಾತನ್ನು ಬರೆದಿಟ್ಟುಕೊಂಡು ಅಂತಿಮ ಪ್ರತಿಗೆ ಸೇರಿಸಿ.

ಮೂರು ಊರಿನ ಹುಡುಗರೆಂದಿರಿ. ಧಾರವಾಡದವನು "ಏನ್ ಮಾಡಾಕತ್ತೀ" ಎಂದದ್ದಕ್ಕೇ ಅಥವಾ ಮಂಗಳೂರಿನವನು "ಎಂತ ಮಾರಾಯ" ಎಂದದ್ದಕ್ಕೇ ಜನ ನಗಬೇಕೆಂದು ನಿರೀಕ್ಷಿಸುವುದು ಆ ಊರಿನವರಿಗೆ ನೋವುಂಟುಮಾಡುವ, ಸವೆದುಹೋದ ದಾರಿ. ಆಯಾ ಭಾಗದವರನ್ನೇ ನಟರಾಗಿ ಆರಿಸಿ, ಅವರ ಮಾತನ್ನು ಅವರೇ ತಿದ್ದಲಿ. ನಗು ಅವರು ಸಿಕ್ಕಿಬಿದ್ದಿರುವ ಫಜೀತಿಯಿಂದ ಬರಲಿ.

ಉತ್ತರ 2: ಧ್ವನಿ ಮುದ್ರಣ ಕೆಲಸದವರು, ಬೆಂಗಳೂರು

ಈ ಚಿತ್ರದ ಮುಖ್ಯ ಪಾತ್ರ ಕುಕ್ಕರಿನ ಕೂಗು, ಆದ್ದರಿಂದ ಅದನ್ನು ನಟನೆಯ ವೇಳೆ ನಿಜವಾಗಿ ಕೂಗಿಸಬೇಡಿ. ಅದು ನಿಮ್ಮ ಅನುಕೂಲಕ್ಕೆ ಕಾಯುವುದಿಲ್ಲ, ಮೇಲಾಗಿ ಸಂಭಾಷಣೆಯ ಮೇಲೆ ಬಿದ್ದರೆ ಬೇರ್ಪಡಿಸಲು ಬರುವುದಿಲ್ಲ. ಕೂಗುಗಳನ್ನು ಬೇರೆ ದಿನ ಹತ್ತಿರದಿಂದಲೂ ಮುಚ್ಚಿದ ಬಾಗಿಲಿನ ಹೊರಗಿನಿಂದಲೂ ಮುದ್ರಿಸಿಕೊಳ್ಳಿ. ಚಿತ್ರೀಕರಣದಲ್ಲಿ ಒಬ್ಬರು ಕೈ ಎತ್ತಿ ಸನ್ನೆ ಮಾಡಲಿ, ನಟರು ಅದಕ್ಕೆ ಬೆಚ್ಚಲಿ. ಫ್ಯಾನ್ ಆರಿಸಲೇಬೇಕು, ಹಾಗಾಗಿ ನಟರ ಬೆವರಿಗೆ ಟವೆಲ್ ಇಟ್ಟುಕೊಳ್ಳಿ. ಕೋಣೆ ಬಿಡುವ ಮುನ್ನ ಎಲ್ಲರೂ ಸುಮ್ಮನೆ ನಿಂತು ಅಲ್ಲಿನ ನಿಶ್ಶಬ್ದವನ್ನು ಒಂದು ನಿಮಿಷ ಮುದ್ರಿಸಿ. ಸಂಕಲನದಲ್ಲಿ ಮಾತುಗಳ ನಡುವಿನ ತೇಪೆಗೆ ಅದೇ ಬೇಕಾಗುತ್ತದೆ.

ಹಳೆಯ ಚಿತ್ರಗೀತೆಯನ್ನು ಕೈಬಿಡುವುದು ಒಳ್ಳೆಯದು. ಅನುಮತಿಯಿಲ್ಲದೆ ಬಳಸಿದರೆ ಸ್ಪರ್ಧೆಗೆ ಕಳುಹಿಸುವಾಗಲೂ ಯೂಟ್ಯೂಬ್‌ಗೆ ಹಾಕುವಾಗಲೂ ತೊಡಕಾಗುತ್ತದೆ. ಅದರ ಬದಲು ಹುಡುಗರೇ ತಾಳ ಹಿಡಿದು ದಾಸರ ಪದವೊಂದನ್ನು ಹಾಡಲಿ. 16ನೆಯ ಶತಮಾನದ ಸಾಹಿತ್ಯಕ್ಕೆ ಯಾರ ಹಕ್ಕೂ ಇಲ್ಲ. ಹಕ್ಕಿರುವುದು ಮಾರುಕಟ್ಟೆಯಲ್ಲಿರುವ ಧ್ವನಿಮುದ್ರಿಕೆಗಳಿಗೆ ಮತ್ತು ಈಚಿನವರು ಹಾಕಿದ ರಾಗಸಂಯೋಜನೆಗಳಿಗೆ. ಆದ್ದರಿಂದ ಧಾಟಿಯೂ ನಿಮ್ಮದೇ ಆಗಿರಲಿ. ವಾರ್ಡನ್ ಭಕ್ತಿಯಿಂದ ಕೂತು ಕೇಳಲು ತೊಡಗಿದರೆ ಹಾಡು ನಿಲ್ಲಿಸಲೂ ಆಗದ ಇಕ್ಕಟ್ಟು ನಿಮಗೆ ಉಚಿತವಾಗಿ ಸಿಗುತ್ತದೆ.

ಟ್ಯೂಬ್‌ಲೈಟ್ ಬೆಳಕಿನ ಬಗ್ಗೆ ಒಂದು ಮಾತು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಆದ್ದರಿಂದ ಚಿತ್ರದಲ್ಲಿ ಬೆಳಕು ಮಿನುಗದಿರಲು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟು ಅದೇ ಕೋಣೆಯಲ್ಲಿ ಮೊದಲೇ ಪರೀಕ್ಷಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು ಸರ್. ದಾಸರ ಪದದ ಸಲಹೆ ತಂಡದ ಎಲ್ಲರಿಗೂ ಹಿಡಿಸಿದೆ, ಆ ದೃಶ್ಯವನ್ನು ಮತ್ತೆ ಬರೆಯುತ್ತಿದ್ದೇವೆ. ಇನ್ನೊಂದು ಸಂದೇಹ: ಕೋಣೆ ಚಿಕ್ಕದು, ಮಂಚಗಳಿವೆ. ಎಲ್ಲರ ಮಾತನ್ನೂ ಒಬ್ಬೊಬ್ಬರ ಕ್ಲೋಸಪ್‌ನಲ್ಲೇ ತೆಗೆಯುವುದು ಸರಿಯೇ?

ಉತ್ತರ 3: ಸಂಕಲನಕಾರರು, ಹುಬ್ಬಳ್ಳಿ

ಬೇಡ. ಸುಳ್ಳು ಹೇಳುತ್ತಿರುವವನೂ ಅವನ ಹಿಂದೆ ಕುಕ್ಕರಿಗೆ ಅಡ್ಡ ನಿಂತವನೂ ಒಂದೇ ಚೌಕಟ್ಟಿನಲ್ಲಿದ್ದಾಗ ಮಾತ್ರ ಈ ದೃಶ್ಯ ನಗಿಸುತ್ತದೆ. ಒಂದು ಮಂಚವನ್ನು ಹೊರಗಿಟ್ಟು, ಕ್ಯಾಮೆರಾವನ್ನು ಬಾಗಿಲ ಹೊರಗಿನಿಂದ, ವಾರ್ಡನ್ ಭುಜದ ಹಿಂದೆ ನಿಲ್ಲಿಸಿ ನೋಡಿ. ಕ್ಲೋಸಪ್‌ಗಳನ್ನು ಕೇಳಿಸಿಕೊಳ್ಳುತ್ತಿರುವವರ ಮುಖಕ್ಕೆ ಉಳಿಸಿಕೊಳ್ಳಿ. ಪ್ರತಿ ಶಾಟ್‌ನಲ್ಲೂ ಕೊನೆಯ ಮಾತು ಮುಗಿದ ಮೇಲೆ ನಾಲ್ಕೈದು ಸೆಕೆಂಡ್ ಕ್ಯಾಮೆರಾ ನಿಲ್ಲಿಸದಂತೆ ನಿರ್ದೇಶಕರು ಈಗಲೇ ಎಲ್ಲರಿಗೂ ತಿಳಿಸಿರಬೇಕು.

ವಾರ್ಡನ್ ಇರುವ ಶಾಟ್‌ಗಳನ್ನೆಲ್ಲ ಮೊದಲ ರಾತ್ರಿಯೇ ಮುಗಿಸಿ, ಏನಾದರೂ ಉಳಿದರೆ ಎರಡನೆಯ ರಾತ್ರಿ ಇರುತ್ತದೆ. ಒಂದು ಶಾಟ್‌ಗೂ ಮುಂದಿನದಕ್ಕೂ ಹೊಂದಿಕೆ ತಪ್ಪದಿರಲು, ಬಿಸಿಬೇಳೆಬಾತ್ ತಟ್ಟೆಯಲ್ಲಿ ಎಷ್ಟಿತ್ತೆಂದು ಪ್ರತಿ ಶಾಟ್‌ನ ಕೊನೆಗೆ ಫೋಟೊ ತೆಗೆಯುವ ಹೊಣೆಯನ್ನು ಒಬ್ಬರಿಗೇ ವಹಿಸಿ, ಆ ವ್ಯಕ್ತಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ.