ಡೆಕ್‌ಗೆ ಸ್ಕ್ರೂ ಹಾಕಲು ಡ್ರಿಲ್ ಸಾಕಾ, ಇಂಪ್ಯಾಕ್ಟ್ ಡ್ರೈವರ್ ಬೇಕಾ? (ಮತ್ತಿ ಜಂತೆ, ಸಾಗುವಾನಿ ಹಲಗೆ)

ತೋಟದಮನೆ
ಸಕಲೇಶಪುರದ ಹತ್ತಿರ ಹೋಮ್‌ಸ್ಟೇಗೆ 20 ಅಡಿ ಉದ್ದ, 12 ಅಡಿ ಅಗಲದ ಡೆಕ್. ಮತ್ತಿ ಜಂತೆ, 16 ಇಂಚಿಗೊಂದು. ಮೇಲೆ ಒಂದಿಂಚು ದಪ್ಪ, ಐದೂವರೆ ಇಂಚು ಅಗಲದ ಸಾಗುವಾನಿ ಹಲಗೆ, ನಡುವೆ 6 ಮಿ.ಮೀ. ಸಂದು. ಈಗ ಕೈಲಿರುವುದು 12 ವೋಲ್ಟ್, 30 ನ್ಯೂಟನ್ ಮೀಟರ್ ತಿರುಚು ಬಲದ ಡ್ರಿಲ್. ಇದನ್ನು ಕೊಟ್ಟು 18 ವೋಲ್ಟಿನದು ತಗೊಳ್ಳಬೇಕಾ? ಸ್ಕ್ರೂ ಯಾವುದು, ಎಷ್ಟು ಬೇಕು?

ಚೊಗರುಮರ
ಡ್ರಿಲ್ ಕೊಡಬೇಡಿ ಸರ್, ಅದಕ್ಕೆ ಬೇರೆ ಕೆಲಸ ಇದೆ.

ಮೊದಲು ಲೆಕ್ಕ. 16 ಜಂತೆ, 25 ಸಾಲು ಹಲಗೆ, ಜಂತೆ ದಾಟುವಲ್ಲೆಲ್ಲ ಎರಡು ಸ್ಕ್ರೂ ಅಂದರೆ 800. 20 ಅಡಿ ಹಲಗೆ ಒಂದೇ ತುಂಡಲ್ಲಿ ಸಿಗೋದು ಕಷ್ಟ. ಸಾಲಿಗೊಂದು ಜೋಡಣೆ ಹಿಡಿದರೆ ಇನ್ನೂ 50. ಮುರಿಯೋದು, ಬಿದ್ದುಹೋಗೋದು ಸೇರಿ 900 ತರಿಸಿ. ಅಳತೆ 5 × 65 ಮಿ.ಮೀ., ಎಸ್‌ಎಸ್ 304 (ಸ್ಟೇನ್‌ಲೆಸ್ ಉಕ್ಕಿನ ಒಂದು ದರ್ಜೆ), ಟಾರ್ಕ್ಸ್ ಟಿ25 ತಲೆ (ನಕ್ಷತ್ರದಾಕಾರದ ಗುಂಡಿಯದು). ಮತ್ತಿ, ಸಾಗುವಾನಿ ಎರಡರಲ್ಲೂ ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ಒಂದೇ ಮಳೆಗಾಲಕ್ಕೆ ತಲೆಯ ಸುತ್ತ ಕಪ್ಪು ಕಲೆ ಬರುತ್ತೆ. ಕಾರವಾರ, ಮಲ್ಪೆ ಕಡೆ ಕಡಲ ಗಾಳಿಗೆ ಆಗಿದ್ದರೆ ಉಪ್ಪಿನ ಗಾಳಿಯನ್ನು ಇನ್ನೂ ಚೆನ್ನಾಗಿ ತಡೆಯುವ 316 ದರ್ಜೆ ಅಂತಿದ್ದೆ, ನಿಮಗೆ ಬೇಡ.

ಹಣ ಹಾಕಬೇಕಾದ್ದು 18 ವೋಲ್ಟಿನ ಬ್ರಶ್‌ಲೆಸ್ (ಮೋಟಾರಿನಲ್ಲಿ ಸವೆಯುವ ಬ್ರಶ್ ಇಲ್ಲದ) ಇಂಪ್ಯಾಕ್ಟ್ ಡ್ರೈವರ್ ಮೇಲೆ, ಅಂದರೆ ತಿರುಗಿಸುತ್ತಲೇ ಪೆಟ್ಟು ಕೊಟ್ಟು ಸ್ಕ್ರೂ ಬಿಗಿಯುವ ಯಂತ್ರದ ಮೇಲೆ. 160–180 ನ್ಯೂಟನ್ ಮೀಟರ್ ಇದ್ದರೆ ಧಾರಾಳ. 4 ಆ್ಯಂಪ್-ಅವರ್ (Ah) ಸಾಮರ್ಥ್ಯದ ಎರಡು ಬ್ಯಾಟರಿ ಇದ್ದರೆ ಒಂದು ಚಾರ್ಜಿಗೆ, ಒಂದು ಕೈಯಲ್ಲಿ. ‘20 ವೋಲ್ಟ್ ಮ್ಯಾಕ್ಸ್’ ಅಂತ ಬರೆದಿದ್ದರೂ ಒಳಗೆ 18 ವೋಲ್ಟಿನದರಲ್ಲಿರುವ ಅದೇ ಐದು ಸೆಲ್ಲು, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ನಿಮ್ಮ 12 ವೋಲ್ಟಿನದು ತೂತು ಕೊರೆಯಲಿ, ಹೊಸದು ಸ್ಕ್ರೂ ಕೂರಿಸಲಿ. ಒಂದರಲ್ಲೇ ಎರಡೂ ಮಾಡಲು ಹೋದರೆ 850 ಸಲ ಬಿಟ್ ಬದಲಿಸುತ್ತಾ ಕೂರಬೇಕು.

ಬಿಟ್‌ಬಾಕ್ಸ್
ಇಂಪ್ಯಾಕ್ಟ್ ಇದೆ ಅಂತ ತೂತಿಲ್ಲದೆ ನೇರ ಹೊಡೆದರೆ ಮತ್ತಿಯಂಥ ಗಟ್ಟಿ ಮರದಲ್ಲಿ ಸ್ಕ್ರೂ ಕುತ್ತಿಗೆ ಪಟ್ ಅಂತ ಮುರಿಯುತ್ತೆ. ಸ್ಟೇನ್‌ಲೆಸ್, ಗಟ್ಟಿ ಮಾಡಿದ ಉಕ್ಕಿನ ಸ್ಕ್ರೂನಷ್ಟು ತಿರುಚು ತಡೆಯಲ್ಲ.

ಹಲಗೆಯನ್ನು ಕ್ಲ್ಯಾಂಪಿನಲ್ಲಿ ಬಿಗಿದು, ಹಲಗೆ ಜಂತೆ ಎರಡಕ್ಕೂ ಸೇರಿಸಿ 3.5 ಮಿ.ಮೀ. ತೂತು, ಸ್ಕ್ರೂ ಎಷ್ಟುದ್ದವೋ ಅಷ್ಟಾಳ. ಆಮೇಲೆ ಹಲಗೆಗೆ ಮಾತ್ರ 5.5. ಬಿಟ್ಟಿಗೆ 25 ಮಿ.ಮೀ.ನಲ್ಲಿ ಟೇಪ್ ಸುತ್ತಿಕೊಳ್ಳಿ. ಈ ಎರಡನೇ ತೂತನ್ನೇ ಎಲ್ಲರೂ ಬಿಡೋದು. ಸ್ಕ್ರೂ ಮರೆ (ಸುತ್ತಲಿನ ಸುರುಳಿ ಏಣು) ಹಲಗೆಯನ್ನೂ ಕಚ್ಚಿಕೊಂಡರೆ, ಎಷ್ಟು ಬಿಗಿದರೂ ಹಲಗೆ ಜಂತೆಯಿಂದ ಎದ್ದೇ ಇರುತ್ತೆ, ನಡೆದಾಗ ಕಿರ್ ಅನ್ನುತ್ತೆ. ಕೊನೆಗೆ ತೂತಿನ ಬಾಯಿಗೆ ಸ್ಕ್ರೂ ತಲೆ ಕೂರುವಷ್ಟು ಅಗಲದ ತಗ್ಗು, ಅಂದರೆ ಕೌಂಟರ್‌ಸಿಂಕ್. ಸ್ಕ್ರೂ ಮರೆಗೆ ಮೇಣದ ಬತ್ತಿ ಉಜ್ಜಿ. ಸೋಪು ಬೇಡ, ತೇವ ಎಳೆಯುತ್ತೆ.

ಹಲಗೆ ಅಂಚಿನಿಂದ 20–25 ಮಿ.ಮೀ., ತುದಿಯಿಂದ 40 ಬಿಡಿ. ಎರಡಿಂಚಿನ ಜಂತೆ ಮೇಲೆ ಎರಡು ಹಲಗೆ ಕೂಡಿಸಿದರೆ ಈ 40 ಸಿಗೋದೇ ಇಲ್ಲ. ಜೋಡಣೆ ಬರುವಲ್ಲಿ ಪಕ್ಕಕ್ಕೆ ಇನ್ನೊಂದು ಜಂತೆ ಕೊಡಿ.

ಮರಳಿಯತ್ನ
ಒಂದು ತಕರಾರು. ಇಂಪ್ಯಾಕ್ಟಿಗೆ ಕ್ಲಚ್ (ಇಟ್ಟಷ್ಟು ಬಿಗಿಯಾದ ಕೂಡಲೇ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸುವ ಭಾಗ) ಇಲ್ಲ. ಬೆರಳು ಅರೆಕ್ಷಣ ತಡವಾದರೆ ತಲೆ ಹಲಗೆಯೊಳಗೆ ಮುಳುಗುತ್ತೆ, ಆ ಗುಂಡಿಯಲ್ಲಿ ಮಳೆ ನೀರು ನಿಂತು ಅಲ್ಲಿಂದಲೇ ಕೊಳೆ ಶುರು. ವೇಗದ ಹಂತಗಳಿರುವ ಮಾದರಿ ತಗೊಂಡು ಕೆಳಗಿನ ಹಂತದಲ್ಲೇ ಓಡಿಸಿ. ಇಲ್ಲವಾದರೆ ತಲೆ 2–3 ಮಿ.ಮೀ. ಮೇಲಿರುವಾಗ ನಿಲ್ಲಿಸಿ, ಸಾಲು ಮುಗಿದ ಮೇಲೆ ಡ್ರಿಲ್ಲಿನ ಕ್ಲಚ್‌ನಲ್ಲಿ ಒಟ್ಟಿಗೆ ಕೂರಿಸಿ. ಇಂಪ್ಯಾಕ್ಟಿಗೆ ಅಂತಲೇ ಬರುವ 50 ಮಿ.ಮೀ. ಉದ್ದದ ಬಿಟ್ ಹಾಕಿ, ಕಿವಿಗೂ ಏನಾದರೂ ಇರಲಿ. ಸದ್ದು ಕಡಿಮೆಯಲ್ಲ.

ತೋಟದಮನೆ
ಅಷ್ಟೆಲ್ಲ ಮಾಡಿಯೂ ಸ್ಕ್ರೂ ಮುರಿದರೆ?

ಬಿಟ್‌ಬಾಕ್ಸ್
ಕೀಳಲು ಹೋಗಬೇಡಿ, ಹಲಗೆ ಹಾಳಾಗುತ್ತೆ. ತುಂಡು ಅಲ್ಲೇ ಇರಲಿ. ಜಂತೆಯ ಉದ್ದಕ್ಕೇ 15–20 ಮಿ.ಮೀ. ಸರಿದು, ಹಲಗೆಯ ಒಳಭಾಗದ ಕಡೆಗೆ ಹೊಸ ತೂತು. ಹಳೆಯದರ ಅದೇ ಎಳೆಯ ಗೆರೆಯಲ್ಲಿ ಕೊರೆದರೆ ಹಲಗೆ ಸೀಳುತ್ತೆ. ಮೇಲೆ ಮೇಲೆ ಮುರಿಯುತ್ತಿದ್ದರೆ 3.5ರ ಬಿಟ್ ನೋಡಿ: ಮೊಂಡಾಗಿರುತ್ತೆ, ಇಲ್ಲಾ ತೂತಿನಲ್ಲಿ ಪುಡಿ ತುಂಬಿ ಆಳ ಸಾಲದೆ ಇರುತ್ತೆ. ಕೊರೆಯುವಾಗ ನಡುವೆ ಒಂದೆರಡು ಸಲ ಹೊರಗೆಳೆಯಿರಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಐದಾರು ಹೆಚ್ಚಿಗೆ ಇಟ್ಟುಕೊಳ್ಳಿ.