ಸ್ತೋತ್ರ ಬಾಯಿಂದ ಮಾತ್ರ ಬರುತ್ತಿದೆ ಎಂದ ನಮ್ಮ ಪುಟ್ಟಿಗೆ

ಪುಟ್ಟಿ, ನಾನು ದೊಡ್ಡಮ್ಮ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗಬಹುದು. ಮೆಟ್ರೊದಲ್ಲಿದ್ದರೆ ಇಯರ್‌ಫೋನ್ ಹಾಕಿಕೊಂಡು ಪೂರ್ತಿ ಕೇಳು.

ನೀನು ಬೆಳಗ್ಗೆ ಗ್ರೂಪಲ್ಲಿ ಹಾಕಿದ್ದನ್ನು ಓದಿದೆ. ಕೆಲಸ ಹೋದ ಮೇಲೆ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲಿನ ಕೀರ್ತನೆ ಓದಿ ದೇವರಿಗೆ ‘ಸ್ತೋತ್ರ’ ಅನ್ನುವುದು ಬರೀ ಬಾಯಿಮಾತಾಗಿದೆ, ತುಟಿಯಿಂದ ಮಾನ ಕೊಡ್ತಾರೆ, ಮನಸ್ಸು ದೂರ ಇದೆ ಅಂತ ಪ್ರವಾದಿ ಯೆಶಾಯನ ಪುಸ್ತಕದ 29ನೆಯ ಅಧ್ಯಾಯದಲ್ಲಿ ದೇವರು ಹೇಳಿದ್ದು ನನ್ನಂಥವರಿಗೇ, ಮನಸ್ಸು ಸರಿಹೋಗುವವರೆಗೆ ಬೈಬಲ್ ಮುಚ್ಚಿಡ್ತೇನೆ ಅಂದೆ. ಓದಿ ತುಂಬಾ ಹೊತ್ತು ಅದನ್ನೇ ಯೋಚಿಸಿದೆ. ನಿನಗೆ ದೇವರ ಭಯ ಇಲ್ಲದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ ಕಣಮ್ಮ.

ಆದರೆ ಆ ಮಾತು ನಿನಗೆ ಹೇಳಿದ್ದಲ್ಲ. ಯೇಸುಸ್ವಾಮಿ ಅದೇ ವಚನವನ್ನು ಮತ್ತಾಯ 15ರಲ್ಲಿ ಯಾರಿಗೆ ಹೇಳುತ್ತಾರೆ ನೋಡು. ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು ‘ಇದು ದೇವರಿಗೆ ಮೀಸಲು’ ಎಂದು ಹೇಳಿ ಜಾರಿಕೊಳ್ಳಬಹುದು ಎಂದು ಕಲಿಸುತ್ತಿದ್ದವರಿಗೆ. ಭಕ್ತಿಯ ಮಾತಿನ ಹಿಂದೆ ಮಾಡಿದ್ದನ್ನು ಮುಚ್ಚಿಟ್ಟುಕೊಂಡವರಿಗೆ. ಯೆಶಾಯನಲ್ಲೂ ಎರಡೇ ವಚನ ಮುಂದೆ ಹೋದರೆ, ತಮ್ಮ ಆಲೋಚನೆಯನ್ನು ದೇವರಿಗೆ ಕಾಣದ ಹಾಗೆ ಆಳದಲ್ಲಿ ಬಚ್ಚಿಡುವವರ ಮಾತೇ ಬರುತ್ತದೆ. ನೀನು ಏನು ಬಚ್ಚಿಟ್ಟಿದ್ದೀಯ? ಮನಸ್ಸು ಖಾಲಿಯಾಗಿದೆ ಅಂತ ಇಡೀ ಮನೆಯವರ ಮುಂದೆ ಹೇಳಿದ್ದೀಯ. ಬತ್ತಿದ ಮನಸ್ಸು ಬೇರೆ, ಕಪಟ ಬೇರೆ.

ಚಿಕ್ಕಪ್ಪ ಪ್ರೀತಿಯಿಂದಲೇ ಯೆರೆಮೀಯ 29:11ರ ವಾಗ್ದಾನದ ಕಾರ್ಡ್ ಹಾಕಿದ್ದಾರೆ. ಒಳ್ಳೆಯ ಗತಿಯ, ನಿರೀಕ್ಷೆಯ ವಾಕ್ಯ. ಅದು ಸತ್ಯವೇ. ಆದರೆ ಅದರ ಹಿಂದಿನ ವಚನವನ್ನೂ ಓದಬೇಕು. ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. 70 ವರ್ಷ ಆದ ಮೇಲೆ ಕರೆತರುತ್ತೇನೆ ಅನ್ನುತ್ತಾನೆ ದೇವರು. ಅಲ್ಲಿಯವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅನ್ನುತ್ತಾನೆ. ನಾಳೆಯೇ ಎಲ್ಲ ಸರಿಯಾಗುತ್ತದೆ ಎನ್ನುವ ಮಾತಲ್ಲ ಅದು. ಕಾಯುವವರಿಗೆ ಕೊಟ್ಟ ಮಾತು. ನನಗಂತೂ ಅದು ಕಾರ್ಡಿಗಿಂತ ಕಾಗದವಾಗಿಯೇ ಜಾಸ್ತಿ ಧೈರ್ಯ ಕೊಡುತ್ತದೆ.

ಈಗ ಕೀರ್ತನೆಗಳಿಗೆ ಬಾ. ನಾವು 23, 91, 121 ಅಂತ ಬೇಕಾದ್ದನ್ನೇ ತೆಗೆದು ಓದುತ್ತೇವೆ, ಅಲ್ವಾ? ಹಾಗಾಗಿ ಕೀರ್ತನೆ ಅಂದರೆ ಬರೀ ಸಂತೋಷ, ಬರೀ ಸ್ತೋತ್ರ ಅನಿಸಿಬಿಟ್ಟಿದೆ. 13ನೆಯದನ್ನು ತೆಗೆ. ಆರೇ ವಚನ. ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ, ಎಷ್ಟರವರೆಗೆ ಮುಖ ಮರೆಮಾಡುತ್ತೀ ಅಂತಲೇ ಶುರು. ಆರನೆಯ ವಚನಕ್ಕೆ ಬರುವಾಗ ಅದನ್ನು ಬರೆದವನೇ ಹಾಡುತ್ತೇನೆ ಅನ್ನುತ್ತಾನೆ. ನಡುವೆ ಕಷ್ಟ ತೀರಿತು, ಶತ್ರು ಹೋದ ಅಂತ ಒಂದು ಮಾತೂ ಇಲ್ಲ. ಪರಿಸ್ಥಿತಿ ಹಾಗೇ ಇದೆ. ದೂರನ್ನೂ ನಂಬಿಕೆಯನ್ನೂ ಒಂದೇ ಉಸಿರಲ್ಲಿ ಒಬ್ಬ ದೇವರ ಮುಂದೆಯೇ ಇಟ್ಟಿದ್ದಾನೆ.

88ನೆಯದು ಇನ್ನೂ ಕಷ್ಟ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಕೊನೆಯಲ್ಲೂ ಸ್ತೋತ್ರ ಇಲ್ಲ. ಆದರೂ ಅದು ನಮ್ಮ ಸತ್ಯವೇದದಲ್ಲಿದೆ, ಬೈಬಲಿನಲ್ಲಿದೆ! ಯಾರೂ ತೆಗೆದುಹಾಕಲಿಲ್ಲ. ‘ಹಲ್ಲೆಲೂಯಾ’ ಎಂದು ಮುಗಿಯುವ 150 ಹೇಗೆ ದೇವರ ವಾಕ್ಯವೋ 88 ಕೂಡ ಹಾಗೆಯೇ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಲ್ಲಿ ಬಂದದ್ದೂ 22ನೆಯ ಕೀರ್ತನೆಯ ಮೊದಲ ಸಾಲೇ, ಯಾಕೆ ನನ್ನ ಕೈಬಿಟ್ಟೆ ಎನ್ನುವ ಸಾಲು. ನಮ್ಮ ಕರ್ತನೇ ಆ ಮಾತಿನಲ್ಲಿ ಪ್ರಾರ್ಥಿಸಿದ ಮೇಲೆ, ಮನಸ್ಸು ಸರಿಹೋದ ಮೇಲೆ ದೇವರ ಹತ್ತಿರ ಬರುತ್ತೇನೆ ಅಂತ ನಾವು ಯಾಕೆ ಹೊರಗೆ ನಿಲ್ಲಬೇಕು?

ನಿಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ನಾನು ಹಡ್ಸನ್ ಚರ್ಚಿಗೆ ಹೋಗುತ್ತಿದ್ದೆ, ಆದರೆ ಬಾಯಿ ಬಿಡಲು ಆಗುತ್ತಿರಲಿಲ್ಲ. ಅಯ್ಯನವರು, ಅಂದರೆ ಪಾದ್ರಿಗಳು, ಒಂದು ವಚನ ಓದುತ್ತಿದ್ದರು, ಸಭೆ ಮುಂದಿನದನ್ನು ಓದುತ್ತಿತ್ತು. ನಾನು ಪುಸ್ತಕ ಹಿಡಿದು ನಿಂತಿರುತ್ತಿದ್ದೆ, ಅಷ್ಟೇ. ನನ್ನ ಪಾಲಿನ ಸ್ತೋತ್ರವನ್ನು ಆ ದಿನಗಳಲ್ಲಿ ಅಕ್ಕಪಕ್ಕದವರು ಹೇಳಿದರು. ಕೀರ್ತನೆಗಳು ಇರುವುದೇ ಹೀಗೆ, ಸೇರಿ ಓದಲು, ಸೇರಿ ಹಾಡಲು. ಕೈಬಿಟ್ಟೆ ಯಾಕೆ ಎಂದು ಕೂಗಿದ ಆ 22ನೆಯ ಕೀರ್ತನೆಯವನೂ ಸ್ತೋತ್ರಕ್ಕೆ ಬರುವುದು ಸಭೆಯ ನಡುವೆ ನಿಂತಾಗ. ಒಬ್ಬಳೇ ರೂಮಲ್ಲಿ ಕೂತು, ನನ್ನ ನಂಬಿಕೆ ನಿಜವೋ ಸುಳ್ಳೋ ಅಂತ ಅಳೆಯುತ್ತಾ ಇದ್ದರೆ ಯಾರಿಗೂ ಉತ್ತರ ಸಿಗುವುದಿಲ್ಲ ಪುಟ್ಟಿ.

ಮಾರ್ಕ 9ರಲ್ಲಿ ಕಾಯಿಲೆಯ ಮಗನನ್ನು ಕರೆತಂದ ಆ ತಂದೆಯೂ ಅಷ್ಟೇ. ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಎಂದು ಕೂಗಿಕೊಂಡ. ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಎಂದು ಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗನನ್ನು ವಾಸಿ ಮಾಡಿದರು. ಪ್ರಾಮಾಣಿಕ ನಂಬಿಕೆ ಅಂದರೆ ನನಗೆ ನೆನಪಾಗುವುದು ಆ ಮನುಷ್ಯನೇ.

ಹಾಗಾಗಿ ಬೈಬಲ್ ಮುಚ್ಚಬೇಡ. ಓದುವ ರೀತಿ ಬೇಕಾದರೆ ಬದಲಾಯಿಸು. ಆರಿಸಿ ಓದುವುದನ್ನು ಬಿಟ್ಟು ಒಂದರಿಂದ ಸಾಲಾಗಿ ಓದು. ದಿನಕ್ಕೆ ಐದು ಓದಿದರೆ 30 ದಿನಕ್ಕೆ 150 ಮುಗಿಯುತ್ತದೆ. ಹಳೆಯ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೂ ಬೆಳಗ್ಗೆ ಸಂಜೆ ಓದಿ ತಿಂಗಳಿಗೆ ಮುಗಿಸುವ ಹಾಗೇ ಹಂಚಿಟ್ಟಿದ್ದಾರೆ. ಐದು ಆಗದಿದ್ದರೆ ಒಂದೇ ಓದು. 119ಕ್ಕೆ ಬಂದಾಗ ಹೆದರಬೇಡ, 176 ವಚನ ಇದೆ, ಎಂಟೆಂಟು ವಚನದ ಭಾಗಗಳಾಗಿವೆ, ದಿನಕ್ಕೊಂದು ಭಾಗ ಸಾಕು. ಇಂದಿನ ಕೀರ್ತನೆ ಸಂತೋಷದ್ದಾಗಿ ನಿನಗೆ ಸಂತೋಷ ಇಲ್ಲದಿದ್ದರೆ, ಇವತ್ತು ಖುಷಿಯಲ್ಲಿರುವ ಯಾರಿಗೋಸ್ಕರವೋ ಓದಿದೆ ಅಂದುಕೋ. ದುಃಖದ್ದು ಬಂದರೆ ಅದು ನಿನ್ನದೇ.

ಗಟ್ಟಿಯಾಗಿ ಓದು, ಕನ್ನಡದಲ್ಲೇ ಓದು. ಫೋನಿನ ಇಂಗ್ಲಿಷ್ ಆ್ಯಪ್ ತಪ್ಪು ಅಂತಲ್ಲ. ನೀನು ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ಕೇಳಿದ್ದು ಕನ್ನಡದಲ್ಲಿ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಅವರು ಇಡೀ ಸತ್ಯವೇದ ನಮ್ಮ ಭಾಷೆಗೆ ಬರಲಿ ಎಂದು ವರ್ಷಗಟ್ಟಲೆ ದುಡಿದರು. ಅದು ಸುಮ್ನೆ ಕಪಾಟಿನಲ್ಲಿ ಇರಲಿ ಅಂತಲ್ಲ.

ಇವತ್ತು ರಾತ್ರಿ ಎಂಟೂವರೆಗೆ ಪ್ರಾರ್ಥನೆ ಇದೆ. ಅಣ್ಣ ವಿಡಿಯೊ ಕಾಲ್ ಹಾಕುತ್ತಾನೆ, ಚಿಕ್ಕಪ್ಪನೂ ಇರುತ್ತಾರೆ. ಕೀರ್ತನೆ 13 ತೆಗೆಯೋಣ. ಮೊದಲ ನಾಲ್ಕು ವಚನ ನೀನು ಓದು, ನಿನಗೆ ಹೇಗೆ ಬರುತ್ತದೋ ಹಾಗೆ. ಕೊನೆಯ ಎರಡನ್ನು ನಾವೆಲ್ಲ ಓದುತ್ತೇವೆ.